ತಿಂಗಳಿಗೊಂದು ಪೆನ್ನಿ: ಡೇನಿಯಲ್ ಓಕಾನೆಲ್ ಅವರ ಬದುಕು

ಹಳೆಯ ಬ್ರಿಟಿಷ್ ಹಣದ ಲೆಕ್ಕ ಹೀಗಿತ್ತು: 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್, 21 ಶಿಲ್ಲಿಂಗಿಗೆ ಒಂದು ಗಿನಿ. ಅಂದರೆ ಒಂದು ಗಿನಿಗೆ 252 ಪೆನ್ನಿ. ಇಷ್ಟು ಸಣ್ಣ ಲೆಕ್ಕವನ್ನು ಇಟ್ಟುಕೊಂಡು ಒಬ್ಬ ವಕೀಲರು ಒಂದು ದೇಶದ ರಾಜಕೀಯವನ್ನೇ ಬದಲಾಯಿಸಿದರು. ಆ ದೇಶ ಐರ್ಲೆಂಡ್. ಆ ವಕೀಲರ ಹೆಸರು ಡೇನಿಯಲ್ ಓಕಾನೆಲ್.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಐರ್ಲೆಂಡಿನ ಇತಿಹಾಸ ನನ್ನ ಪರೀಕ್ಷೆಗೆ ಬರುವ ವಿಷಯವಲ್ಲ. ಆದರೂ ಇವರ ಬಗ್ಗೆ ಬರೆಯಬೇಕು ಅನ್ನಿಸಲು ಎರಡು ಕಾರಣಗಳಿವೆ. ಮೊದಲನೆಯದು, ಇವರು ಬಡವರಿಂದ ಹಣ ಸಂಗ್ರಹಿಸಿದ ರೀತಿ. ಎರಡನೆಯದು, ತಮ್ಮ ಮನೆಮಾತಿನ ಬಗ್ಗೆ ಇವರು ತೆಗೆದುಕೊಂಡ ನಿಲುವು. ಮೊದಲನೆಯದನ್ನು ಓದಿ ತುಂಬಾ ಖುಷಿಯಾಯಿತು. ಎರಡನೆಯದು ಓದಿದ ದಿನದಿಂದ ತಲೆಯಲ್ಲೇ ಉಳಿದಿದೆ. ಓಕಾನೆಲ್ ತೀರಿಕೊಂಡು 175 ವರ್ಷಗಳ ಮೇಲಾಯಿತು. ಇವತ್ತಿಗೂ ಅವರು ದೊಡ್ಡವರೋ, ದಾರಿ ತಪ್ಪಿದವರೋ ಎಂಬ ವಾದ ಅವರ ದೇಶದಲ್ಲಿ ಮುಗಿದಿಲ್ಲ. ಮೊದಲು ಅವರ ಬದುಕನ್ನು ಹೇಳುತ್ತೇನೆ, ಆಮೇಲೆ ವಾದಕ್ಕೆ ಬರುತ್ತೇನೆ.

ಓಕಾನೆಲ್ ಹುಟ್ಟಿದ್ದು 1775ರ ಆಗಸ್ಟ್ 6ರಂದು, ಐರ್ಲೆಂಡಿನ ನೈಋತ್ಯ ಮೂಲೆಯ ಕೆರ್ರಿ ಜಿಲ್ಲೆಯಲ್ಲಿ. ಆಗ ಐರ್ಲೆಂಡಿನ ಜನರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅಧಿಕಾರ ಮತ್ತು ಜಮೀನು ಮಾತ್ರ ಬಹುಪಾಲು ಪ್ರೊಟೆಸ್ಟೆಂಟರ ಕೈಯಲ್ಲಿ. ಕ್ಯಾಥೊಲಿಕರ ಮೇಲೆ ಸಾಲು ಸಾಲು ಕಾನೂನುಗಳಿದ್ದವು. ಅವರು ಜಮೀನು ಕೊಳ್ಳುವಂತಿರಲಿಲ್ಲ. 31 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗೇಣಿಗೆ ಹಿಡಿಯುವಂತಿರಲಿಲ್ಲ. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿರಲಿಲ್ಲ. ಮತ ಹಾಕುವ ಹಕ್ಕಿಲ್ಲ, ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕಿಲ್ಲ. ಓಕಾನೆಲ್ ಬೆಳೆಯುವ ಹೊತ್ತಿಗೆ ಈ ಕಾನೂನುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು, ಆದರೆ ಪೂರ್ತಿ ಹೋಗಿರಲಿಲ್ಲ.

ಅಲ್ಲಿನ ಪದ್ಧತಿಯಂತೆ ಮಗುವನ್ನು ಹಸುಗೂಸಾಗಿದ್ದಾಗಲೇ ಒಂದು ಬಡ ಗೇಣಿದಾರರ ಮನೆಯಲ್ಲಿ ಬೆಳೆಯಲು ಬಿಟ್ಟರು. ಆ ಮನೆಯ ಮಾತು ಐರಿಷ್. ಐರಿಷ್ ಎಂದರೆ ಇಂಗ್ಲಿಷಿನ ಒಂದು ಬಗೆಯಲ್ಲ, ಅದು ಬೇರೆಯೇ ಭಾಷೆ. ಓಕಾನೆಲ್ ನಾಲಿಗೆಗೆ ಮೊದಲು ಬಂದ ಮಾತು ಅದೇ. ಮುಂದೆ ಮಕ್ಕಳಿಲ್ಲದ ಅವರ ದೊಡ್ಡಪ್ಪ ಮೌರಿಸ್ ಅವರನ್ನು ಡೆರಿನೇನ್ ಎಂಬ ತಮ್ಮ ಮನೆಗೆ ಕರೆದುಕೊಂಡು ಹೋದರು. ಡೆರಿನೇನ್ ಸಮುದ್ರದ ದಂಡೆಯಲ್ಲಿದೆ. ದೊಡ್ಡಪ್ಪ ಹಣವಂತರು, ಆ ಹಣದಲ್ಲಿ ಸುಂಕ ಕಟ್ಟದೆ ಕಳ್ಳಸಾಗಣೆ ಮಾಡಿದ ಸರಕಿನ ಲಾಭವೂ ಇತ್ತು.

ಕ್ಯಾಥೊಲಿಕ್ ಮಕ್ಕಳಿಗೆ ಊರಿನಲ್ಲಿ ಒಳ್ಳೆಯ ಶಿಕ್ಷಣ ಸಿಗುವುದು ಕಷ್ಟವಾಗಿತ್ತು. 1791ರಲ್ಲಿ ದೊಡ್ಡಪ್ಪ ಹುಡುಗನನ್ನು ತಮ್ಮನ ಜೊತೆ ಫ್ರಾನ್ಸಿಗೆ ಕಳಿಸಿದರು. ಆಗ ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿತ್ತು. 1793ರ ಜನವರಿಯಲ್ಲಿ ರಾಜ 16ನೆಯ ಲೂಯಿಯ ತಲೆ ಕಡಿದ ದಿನಗಳಲ್ಲೇ ಅಣ್ಣ ತಮ್ಮಂದಿರು ಅಲ್ಲಿಂದ ತಪ್ಪಿಸಿಕೊಂಡು ಬಂದರು. ಆಗ ಓಕಾನೆಲ್‌ಗೆ ನನ್ನದೇ ವಯಸ್ಸು, 17. ಬೀದಿಯ ಹಿಂಸೆಯ ಮೇಲೆ ಅವತ್ತು ಹುಟ್ಟಿದ ಅಸಹ್ಯ ಅವರನ್ನು ಸಾಯುವವರೆಗೂ ಬಿಡಲಿಲ್ಲ.

1794ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಸೇರಿ ಕಾನೂನು ಓದಿದರು. 1798ರಲ್ಲಿ ಡಬ್ಲಿನ್ನಿನಲ್ಲಿ ಬ್ಯಾರಿಸ್ಟರ್ ಆದರು. ಅದೇ ವರ್ಷ ಐರ್ಲೆಂಡಿನಲ್ಲಿ ದೊಡ್ಡ ದಂಗೆಯಾಯಿತು. ಅದನ್ನು ಯೋಜಿಸಿದ ಸಂಘಟನೆಯ ಮುಖ್ಯ ನಾಯಕರಲ್ಲಿ ಒಬ್ಬರು ಪ್ರೊಟೆಸ್ಟೆಂಟರಾದ ವುಲ್ಫ್ ಟೋನ್. ಎಲ್ಲ ಮತದವರೂ ಸೇರಿ ಬ್ರಿಟನ್ನಿನಿಂದ ಬೇರೆಯಾಗಬೇಕು ಎಂಬುದು ಅವರ ಕನಸು. ದಂಗೆಯನ್ನು ಸೈನ್ಯ ಅಡಗಿಸಿತು, ಸಾವಿರಾರು ಜನ ಸತ್ತರು. ಬಂದೂಕಿನಿಂದ ಬಡವನಿಗೆ ಸಿಗುವುದು ಗೋರಿ ಮಾತ್ರ ಎಂದು ಓಕಾನೆಲ್‌ಗೆ ಮತ್ತೊಮ್ಮೆ ಅನ್ನಿಸಿತು.

ದಂಗೆಯ ನಂತರ ಬ್ರಿಟಿಷ್ ಸರ್ಕಾರ ಡಬ್ಲಿನ್ನಿನ ಪಾರ್ಲಿಮೆಂಟನ್ನೇ ಮುಚ್ಚಿತು. 1801ರ ಜನವರಿ 1ರಿಂದ ಐರ್ಲೆಂಡ್ ಮತ್ತು ಬ್ರಿಟನ್ ಒಂದೇ ರಾಜ್ಯ. ಐರ್ಲೆಂಡಿನ 100 ಸದಸ್ಯರು ಇನ್ನು ಮುಂದೆ ಲಂಡನ್ನಿಗೆ ಹೋಗಿ ಕೂರಬೇಕು. ಈ ಒಕ್ಕೂಟಕ್ಕೆ ಒಪ್ಪಿದರೆ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯುವ ಆಸೆಯನ್ನು ಪ್ರಧಾನಿ ಪಿಟ್ ತೋರಿಸಿದ್ದರು. ರಾಜ 3ನೆಯ ಜಾರ್ಜ್ ಒಪ್ಪಲಿಲ್ಲ, ಪಿಟ್ ರಾಜೀನಾಮೆ ಕೊಟ್ಟರು. ಆಸೆ ಆಸೆಯಾಗಿಯೇ ಉಳಿಯಿತು. ಓಕಾನೆಲ್ ಮೊದಲ ಸಾರ್ವಜನಿಕ ಭಾಷಣ ಮಾಡಿದ್ದು 1800ರಲ್ಲಿ, ಈ ಒಕ್ಕೂಟವನ್ನು ವಿರೋಧಿಸಿಯೇ.

ಮುಂದಿನ ಇಪ್ಪತ್ತು ವರ್ಷ ಅವರು ವಕೀಲಿಕೆಯಲ್ಲಿ ಮುಳುಗಿದ್ದರು. 1802ರಲ್ಲಿ ದೂರದ ಸಂಬಂಧಿ ಮೇರಿಯನ್ನು ಮನೆಯವರಿಗೆ ತಿಳಿಸದೆ ಮದುವೆಯಾದರು. ಹುಡುಗಿ ವರದಕ್ಷಿಣೆ ತರಲಿಲ್ಲ ಎಂಬ ಸಿಟ್ಟಿಗೆ ದೊಡ್ಡಪ್ಪ ಆಸ್ತಿಯಲ್ಲಿ ಕೊಡಬೇಕಾದ ಪಾಲನ್ನು ಕಡಿಮೆ ಮಾಡಿದರು. ಕ್ಯಾಥೊಲಿಕರಾದ್ದರಿಂದ ಓಕಾನೆಲ್ ಹಿರಿಯ ವಕೀಲರ ಪದವಿಗೆ ಏರುವಂತಿರಲಿಲ್ಲ. ಅವರಿಗಿಂತ ಕಡಿಮೆ ಗೊತ್ತಿದ್ದವರು ರೇಷ್ಮೆ ನಿಲುವಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಆದರೂ ಕಕ್ಷಿದಾರರು ಹುಡುಕಿಕೊಂಡು ಬರುತ್ತಿದ್ದದ್ದು ಇವರನ್ನೇ.

1815ರಲ್ಲಿ ಅವರ ಬದುಕಿನ ಅತ್ಯಂತ ಕೆಟ್ಟ ದಿನ ಬಂತು. ಡಬ್ಲಿನ್ ನಗರಸಭೆಯನ್ನು ಟೀಕಿಸಿದ್ದಕ್ಕೆ ಅದರ ಸದಸ್ಯ ಡೆಸ್ಟರ್ ಎಂಬುವವರು ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ಕರೆದರು. ಕರೆದಾಗ ಹೋಗದಿದ್ದರೆ ಹೇಡಿ ಎನ್ನುತ್ತಿದ್ದ ಕಾಲ. ಓಕಾನೆಲ್ ಹೋದರು, ಅವರ ಗುಂಡಿಗೆ ಡೆಸ್ಟರ್ ಸತ್ತರು. ಓಕಾನೆಲ್ ಇದನ್ನು ಎಂದೂ ಮರೆಯಲಿಲ್ಲ. ಸತ್ತವರ ಮಗಳಿಗೆ ವರ್ಷ ವರ್ಷವೂ ಹಣ ಕಳಿಸುತ್ತಾ ಬಂದರು. ಹಿಂಸೆ ಬೇಡ ಎಂದು ಮುಂದೆ ಲಕ್ಷಾಂತರ ಜನರಿಗೆ ಹೇಳಿದ ವ್ಯಕ್ತಿಗೆ ಕೈಗೆ ರಕ್ತ ಅಂಟುವುದೆಂದರೆ ಏನೆಂದು ಗೊತ್ತಿತ್ತು.

ಈಗ ಪೆನ್ನಿಯ ಕಥೆ. 1823ರಲ್ಲಿ ಓಕಾನೆಲ್ ಮತ್ತು ಗೆಳೆಯರು ಕ್ಯಾಥೊಲಿಕ್ ಅಸೋಸಿಯೇಷನ್ ಕಟ್ಟಿದರು. ಸದಸ್ಯತ್ವಕ್ಕೆ ವರ್ಷಕ್ಕೆ ಒಂದು ಗಿನಿ. ಇಷ್ಟು ಕೊಡುವವರು ಎಷ್ಟು ಜನ? ವಕೀಲರು, ವ್ಯಾಪಾರಿಗಳು, ಕೆಲವು ಜಮೀನುದಾರರು. ಕೋರಂಗೆ ಬೇಕಾದ ಹತ್ತು ಜನ ಸೇರದೆ ಸಭೆ ಮುಂದಕ್ಕೆ ಹಾಕಿದ ದಿನಗಳೂ ಇದ್ದವು. 1824ರ ಆರಂಭದಲ್ಲಿ ಓಕಾನೆಲ್ ಹೊಸ ಯೋಜನೆ ಮುಂದಿಟ್ಟರು. ತಿಂಗಳಿಗೆ ಒಂದು ಪೆನ್ನಿ ಕೊಡುವವರೂ ಸಂಘದವರೇ. ಇದಕ್ಕೆ ಕ್ಯಾಥೊಲಿಕ್ ರೆಂಟ್ ಎಂದು ಹೆಸರು ಬಂತು. ಪ್ರತಿ ಊರಿನಲ್ಲೂ ವಸೂಲಿಗಾರರಿದ್ದರು. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಗಳೂ ಸಹಾಯಕ್ಕೆ ನಿಲ್ಲುತ್ತಿದ್ದರು.

ನಾನು ಲೆಕ್ಕ ಹಾಕಿ ನೋಡಿದೆ. ತಿಂಗಳಿಗೊಂದು ಪೆನ್ನಿ ಎಂದರೆ ವರ್ಷಕ್ಕೆ ಒಂದು ಶಿಲ್ಲಿಂಗ್. 21 ಬಡ ರೈತರು ಸೇರಿದರೆ ಒಬ್ಬ ಶ್ರೀಮಂತನ ಒಂದು ಗಿನಿಗೆ ಸಮ. ಐರ್ಲೆಂಡಿನಲ್ಲಿ ಶ್ರೀಮಂತ ಕ್ಯಾಥೊಲಿಕರು ಕೆಲವರೇ, ಬಡವರು ಲಕ್ಷ ಲಕ್ಷ. ಆದ್ದರಿಂದ ಕೆಲವೇ ತಿಂಗಳಲ್ಲಿ ಸಂಘದ ಪೆಟ್ಟಿಗೆ ತುಂಬತೊಡಗಿತು. ಈ ಹಣದಲ್ಲಿ ಬಡವರ ಕೇಸುಗಳನ್ನು ನಡೆಸಿದರು, ಜಮೀನುದಾರರ ಕೋಪಕ್ಕೆ ಸಿಕ್ಕಿ ಜಮೀನು ಕಳೆದುಕೊಂಡವರಿಗೆ ನೆರವಾದರು. ಆದರೆ ಹಣಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಪೆನ್ನಿ ಕೊಟ್ಟವನು ತನ್ನ ಹಣ ಏನಾಯಿತು ಎಂದು ಕೇಳುತ್ತಾನೆ. ಸಭೆಗೆ ಬರುತ್ತಾನೆ, ಪತ್ರಿಕೆ ಓದಿಸಿಕೊಂಡು ಕೇಳುತ್ತಾನೆ. ಬ್ಯುಸಿನೆಸ್ ಸ್ಟಡೀಸ್ ಪಾಠದಲ್ಲಿ ಷೇರುದಾರ ಎಂದು ಓದುತ್ತೇವಲ್ಲ, ಹಾಗೆ ಐರ್ಲೆಂಡಿನ ಗೇಣಿದಾರ ತನ್ನ ದೇಶದ ರಾಜಕೀಯದಲ್ಲಿ ಮೊದಲ ಬಾರಿ ಷೇರುದಾರನಾದ.

ಸರ್ಕಾರ 1825ರಲ್ಲಿ ಕಾನೂನು ತಂದು ಸಂಘವನ್ನು ಮುಚ್ಚಿಸಿತು. ಓಕಾನೆಲ್ ಕಾನೂನಿನ ಅಕ್ಷರಗಳನ್ನು ಓದಿ, ಅದಕ್ಕೆ ಸಿಗದಂತೆ ಹೊಸ ಹೆಸರಿನಲ್ಲಿ ಮತ್ತೆ ಕಟ್ಟಿದರು. ಅಷ್ಟರಲ್ಲಿ ಕ್ಯಾಥೊಲಿಕರಿಗೆ ಮತ ಹಾಕುವ ಹಕ್ಕು ಬಂದು ಮೂವತ್ತು ವರ್ಷವಾಗಿತ್ತು. ವರ್ಷಕ್ಕೆ 40 ಶಿಲ್ಲಿಂಗ್, ಅಂದರೆ ಎರಡು ಪೌಂಡ್ ಬೆಲೆಬಾಳುವ ಜಮೀನಿನ ಹಕ್ಕು ಇದ್ದವರು ಮತದಾರರು. ಆದರೆ ಗುಪ್ತ ಮತದಾನ ಇರಲಿಲ್ಲ, ಎಲ್ಲರ ಎದುರು ಬಾಯಿಬಿಟ್ಟು ಹೆಸರು ಹೇಳಬೇಕು. ಜಮೀನುದಾರ ಹೇಳಿದವರಿಗೆ ಮತ ಹಾಕದಿದ್ದರೆ ನಾಳೆ ಮನೆ ಖಾಲಿ ಮಾಡಬೇಕಾದೀತು.

1828ರಲ್ಲಿ ಕ್ಲೇರ್ ಜಿಲ್ಲೆಯಲ್ಲಿ ಉಪಚುನಾವಣೆ ಬಂತು. ಎದುರಾಳಿ ಸರ್ಕಾರದ ಮಂತ್ರಿ ವೀಸಿ ಫಿಟ್ಜ್‌ಜೆರಾಲ್ಡ್. ಅವರು ಕೆಟ್ಟವರೇನಲ್ಲ, ಕ್ಯಾಥೊಲಿಕರ ಪರವಾಗಿಯೇ ಇದ್ದವರು. ಓಕಾನೆಲ್ ತಾವೇ ಅಭ್ಯರ್ಥಿಯಾಗಿ ನಿಂತರು. ಕ್ಯಾಥೊಲಿಕ್ ಪಾರ್ಲಿಮೆಂಟಿನಲ್ಲಿ ಕೂರಬಾರದು ಎಂಬ ಕಾನೂನು ಇತ್ತೇ ಹೊರತು ಚುನಾವಣೆಗೆ ನಿಲ್ಲಬಾರದು ಎಂದು ಎಲ್ಲೂ ಇರಲಿಲ್ಲ. ಗೇಣಿದಾರರು ಊರೂರುಗಳಿಂದ ಪಾದ್ರಿಗಳ ಹಿಂದೆ ಸಾಲಾಗಿ ನಡೆದುಕೊಂಡು ಬಂದರು. ಕುಡಿಯಬಾರದು, ಜಗಳ ಮಾಡಬಾರದು ಎಂಬ ಅಪ್ಪಣೆ ಇತ್ತು, ಪಾಲಿಸಿದರು. ತಮ್ಮ ಜಮೀನುದಾರರ ಎದುರಿಗೇ ಓಕಾನೆಲ್ ಹೆಸರು ಹೇಳಿದರು. ಫಲಿತಾಂಶ: ಓಕಾನೆಲ್ 2,057, ಫಿಟ್ಜ್‌ಜೆರಾಲ್ಡ್ 982.

ಆಗ ಬ್ರಿಟನ್ನಿನ ಪ್ರಧಾನಿ ವೆಲ್ಲಿಂಗ್ಟನ್. ಈ ಹೆಸರು ನಮಗೆ ಹೊಸದಲ್ಲ. ಡಬ್ಲಿನ್ನಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ ಇವರೇ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹತರಾದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಸೇನಾಧಿಕಾರಿ. ನಮ್ಮ ನಾಡಿನಲ್ಲಿ ಕೋಟೆ ಗೆದ್ದವರ ಕಡೆ ನಿಂತಿದ್ದ ಅದೇ ವ್ಯಕ್ತಿ, ಮೂವತ್ತು ವರ್ಷದ ನಂತರ ತಮ್ಮ ಹುಟ್ಟೂರಿನ ದೇಶದ ನಿರಾಯುಧ ರೈತರ ಮುಂದೆ ಹಿಂದೆ ಸರಿದರು. ಹಕ್ಕು ಕೊಡದಿದ್ದರೆ ಐರ್ಲೆಂಡಿನಲ್ಲಿ ಅಂತರ್ಯುದ್ಧವಾಗುತ್ತದೆ ಎಂದು ಅವರಿಗೂ ಗೃಹಮಂತ್ರಿ ಪೀಲ್‌ಗೂ ಅರ್ಥವಾಗಿತ್ತು. ಮನಸ್ಸಿಲ್ಲದ ರಾಜ 4ನೆಯ ಜಾರ್ಜ್ ಕೊನೆಗೂ 1829ರ ಏಪ್ರಿಲ್ 13ರಂದು ಮಸೂದೆಗೆ ಒಪ್ಪಿಗೆ ಕೊಟ್ಟರು. ಕ್ಯಾಥೊಲಿಕರು ಇನ್ನು ಪಾರ್ಲಿಮೆಂಟಿನಲ್ಲಿ ಕೂರಬಹುದು.

ಆದರೆ ಅದೇ ದಿನ ಇನ್ನೊಂದು ಕಾನೂನೂ ಜಾರಿಗೆ ಬಂತು. ಐರ್ಲೆಂಡಿನ ಜಿಲ್ಲೆಗಳಲ್ಲಿ ಮತದಾನಕ್ಕೆ ಬೇಕಾದ ಆಸ್ತಿಯ ಮಿತಿಯನ್ನು ಎರಡು ಪೌಂಡಿನಿಂದ ಹತ್ತು ಪೌಂಡಿಗೆ, ಅಂದರೆ ಐದು ಪಟ್ಟು ಏರಿಸಿದರು. ಎರಡು ಲಕ್ಷಕ್ಕೂ ಹೆಚ್ಚಿದ್ದ ಮತದಾರರ ಸಂಖ್ಯೆ ಸುಮಾರು 37,000ಕ್ಕೆ ಇಳಿಯಿತು. ಕ್ಲೇರ್‌ನಲ್ಲಿ ಮನೆ ಹೋದರೂ ಪರವಾಗಿಲ್ಲ ಎಂದು ಓಕಾನೆಲ್‌ಗೆ ಮತ ಹಾಕಿದವರೇ ಮತ ಕಳೆದುಕೊಂಡರು. ಇಂಥ ಬೆಲೆಗೆ ಒಪ್ಪುವುದಿಲ್ಲ ಎಂದು ಮೊದಲು ಹೇಳಿದ್ದ ಓಕಾನೆಲ್, ಆಗ ದೊಡ್ಡ ಹೋರಾಟ ಮಾಡಲಿಲ್ಲ.

ಪಾರ್ಲಿಮೆಂಟಿಗೆ ಹೋದ ಮೇಲೆ ಅವರು ವಕೀಲಿಕೆ ಬಹುಮಟ್ಟಿಗೆ ಬಿಟ್ಟರು. ಆದರೆ 1829ರ ಅಕ್ಟೋಬರ್‌ನಲ್ಲಿ ಕಾರ್ಕ್ ನಗರದಲ್ಲಿ ನಡೆದ ಡೊನೆರೇಲ್ ಕೇಸನ್ನು ಐರ್ಲೆಂಡಿನವರು ಈಗಲೂ ಕಥೆಯಂತೆ ಹೇಳುತ್ತಾರೆ. ಜಮೀನುದಾರರ ಕೊಲೆಗೆ ಸಂಚು ಮಾಡಿದರೆಂದು ಬಡ ರೈತರ ಮೇಲೆ ಆರೋಪ. ಮೊದಲ ಗುಂಪಿಗೆ ಮರಣದಂಡನೆಯಾಯಿತು. ಉಳಿದವರ ಕಡೆಯವನೊಬ್ಬ ಕುದುರೆ ಏರಿ ರಾತ್ರಿಯಿಡೀ ಡೆರಿನೇನ್‌ಗೆ ಓಡಿದ. ಓಕಾನೆಲ್ ಮರುರಾತ್ರಿಯೇ ಬಂಡಿ ಹತ್ತಿ ಬಂದು ಕೋರ್ಟಿನಲ್ಲಿ ನಿಂತರು. ಅವರ ಪ್ರಶ್ನೆಗಳಿಗೆ ಸಾಕ್ಷಿಗಳು ತಡವರಿಸಿದರು. ಉಳಿದ ಆರೋಪಿಗಳ ಜೀವ ಉಳಿಯಿತು, ಮೊದಲ ಗುಂಪಿನ ಗಲ್ಲು ಶಿಕ್ಷೆಯೂ ಕಡಿಮೆಯಾಯಿತು.

ವಕೀಲಿಕೆ ಬಿಟ್ಟ ನಾಯಕನ ಜೀವನಕ್ಕೆಂದು ಜನ ವರ್ಷಕ್ಕೊಮ್ಮೆ ಚಂದಾ ಎತ್ತಿ ಕೊಡುತ್ತಿದ್ದರು. ವಿರೋಧಿಗಳು ಅವರನ್ನು ಭಿಕ್ಷುಕ ಎಂದು ಹಂಗಿಸಿದರು. ಹಣದ ವಿಷಯದಲ್ಲಿ ಓಕಾನೆಲ್ ವಿಚಿತ್ರ. ಇಡೀ ದೇಶಕ್ಕೆ ಸಣ್ಣ ಉಳಿತಾಯದ ಶಕ್ತಿ ತೋರಿಸಿದವರು, 1835ರಲ್ಲಿ ನ್ಯಾಷನಲ್ ಬ್ಯಾಂಕ್ ಕಟ್ಟಿದವರಲ್ಲಿ ಪ್ರಮುಖರು, ಸ್ವಂತ ಮನೆಯ ಲೆಕ್ಕದಲ್ಲಿ ಮಾತ್ರ ಜೀವನಪೂರ್ತಿ ಸಾಲಗಾರರು.

ಅವರ ಬಗ್ಗೆ ನನಗೆ ತುಂಬಾ ಇಷ್ಟವಾದ ಇನ್ನೊಂದು ವಿಷಯ ಗುಲಾಮಗಿರಿಯ ವಿರುದ್ಧ ಅವರ ಮಾತು. ಅಮೆರಿಕದಲ್ಲಿ ನೆಲೆಸಿದ್ದ ಐರಿಷರು ಅವರ ಚಳವಳಿಗೆ ಹಣ ಕಳಿಸುತ್ತಿದ್ದರು. ಗುಲಾಮರನ್ನು ಇಟ್ಟುಕೊಂಡವರ ಹಣದಲ್ಲಿ ರಕ್ತದ ಕಲೆ ಇದೆ ಎಂದು ಓಕಾನೆಲ್ ಬಹಿರಂಗವಾಗಿ ಖಂಡಿಸಿದರು. ಇದರಿಂದ ಅಮೆರಿಕದ ದಕ್ಷಿಣ ರಾಜ್ಯಗಳ ಬೆಂಬಲ ಕೈಬಿಟ್ಟು ಹೋಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಡಬ್ಲಿನ್ನಿಗೆ ಬಂದು ಅವರ ಭಾಷಣ ಕೇಳಿ ಮೆಚ್ಚಿಕೊಂಡರು. ಯಹೂದಿಗಳಿಗೂ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಬೇಕೆಂದು ಓಕಾನೆಲ್ ವಾದಿಸಿದರು. ತಮ್ಮ ಸಮುದಾಯಕ್ಕೆ ಹಕ್ಕು ಕೇಳಿದವರು ಬೇರೆಯವರ ಹಕ್ಕು ಬಂದಾಗ ಬಾಯಿ ಮುಚ್ಚಿಕೊಳ್ಳಲಿಲ್ಲ.

ಕೊನೆಯ ದೊಡ್ಡ ಹೋರಾಟ ಡಬ್ಲಿನ್ನಿನ ಪಾರ್ಲಿಮೆಂಟನ್ನು ಮತ್ತೆ ಪಡೆಯುವುದು. 1840ರಲ್ಲಿ ಅದಕ್ಕಾಗಿ ಸಂಘ ಕಟ್ಟಿದರು. 1841ರಲ್ಲಿ ಡಬ್ಲಿನ್ನಿನ ಮೇಯರ್ ಆದರು. ಒಂದೂವರೆ ಶತಮಾನದಲ್ಲಿ ಆ ಹುದ್ದೆಗೆ ಏರಿದ ಮೊದಲ ಕ್ಯಾಥೊಲಿಕ್ ಅವರು. 1843ರಲ್ಲಿ ಊರೂರುಗಳಲ್ಲಿ ಬೃಹತ್ ಸಭೆಗಳು ನಡೆದವು. ಆಗಸ್ಟ್ 15ರಂದು ಹಳೆಯ ರಾಜರ ಬೆಟ್ಟವಾದ ತಾರಾದಲ್ಲಿ ಸೇರಿದ ಜನರನ್ನು ಕೆಲವರು ಏಳೂವರೆ ಲಕ್ಷ ಎಂದರು. ಆ ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ ದೊಡ್ಡದೇ. ಮೈಕ್ ಇಲ್ಲದ ಕಾಲದಲ್ಲಿ ಅಷ್ಟು ಜನ ಶಾಂತಿಯಿಂದ ಬಂದು ಶಾಂತಿಯಿಂದ ಹೋದರು.

ಮುಂದಿನ ಸಭೆ ಅಕ್ಟೋಬರ್ 8ರಂದು ಡಬ್ಲಿನ್ ಪಕ್ಕದ ಕ್ಲೊಂಟಾರ್ಫ್‌ನಲ್ಲಿ. 1014ರಲ್ಲಿ ರಾಜ ಬ್ರಯನ್ ಬೋರು ಅವರ ಪ್ರಸಿದ್ಧ ಯುದ್ಧ ನಡೆದ ಜಾಗ ಅದು. ಹಿಂದಿನ ದಿನ ಸರ್ಕಾರ ಸಭೆಯನ್ನು ನಿಷೇಧಿಸಿತು. ಸೈನ್ಯ ಸಿದ್ಧವಾಗಿತ್ತು, ಜನ ಆಗಲೇ ಹೊರಟಿದ್ದರು. ಓಕಾನೆಲ್ ಸಭೆ ರದ್ದು ಮಾಡಿದರು, ಕುದುರೆ ಸವಾರರನ್ನು ಎಲ್ಲ ದಾರಿಗಳಿಗೂ ಕಳಿಸಿ ಜನರನ್ನು ವಾಪಸ್ ಮಾಡಿಸಿದರು. ಒಬ್ಬರೂ ಸಾಯಲಿಲ್ಲ. ಆದರೂ ಅವರ ಮೇಲೆ ಸಂಚಿನ ಕೇಸು ಹಾಕಿ 1844ರಲ್ಲಿ ಜೈಲಿಗೆ ಕಳಿಸಿದರು. ಆ ಜ್ಯೂರಿಯಲ್ಲಿ ಒಬ್ಬ ಕ್ಯಾಥೊಲಿಕ್ಕರೂ ಇರಲಿಲ್ಲ. ಸುಮಾರು ಮೂರು ತಿಂಗಳ ನಂತರ ಲಂಡನ್ನಿನ ಲಾರ್ಡ್ಸ್ ಸಭೆ ಆ ತೀರ್ಪನ್ನು ರದ್ದು ಮಾಡಿತು.

ಹೊರಗೆ ಬಂದ ಓಕಾನೆಲ್‌ಗೆ 69 ವರ್ಷ. ಯಂಗ್ ಐರ್ಲೆಂಡ್ ಎಂದು ಕರೆಸಿಕೊಂಡ ಯುವಕರು ಅವರಿಂದ ದೂರ ಸರಿಯತೊಡಗಿದರು. ಆ ಯುವಕರ ಪತ್ರಿಕೆ ದಿ ನೇಷನ್, ಅವರ ಮುಖ್ಯ ಬರಹಗಾರ ಪ್ರೊಟೆಸ್ಟೆಂಟರಾದ ಥಾಮಸ್ ಡೇವಿಸ್. ಎಲ್ಲ ಮತದ ಹುಡುಗರೂ ಒಂದೇ ಕಾಲೇಜಿನಲ್ಲಿ ಓದಬೇಕೆಂದು ಡೇವಿಸ್ ಬಯಸಿದರೆ, ಸರ್ಕಾರ 1845ರಲ್ಲಿ ತಂದ ಅಂಥ ಕಾಲೇಜುಗಳಲ್ಲಿ ಧರ್ಮಕ್ಕೆ ಜಾಗವಿಲ್ಲವೆಂದು ಓಕಾನೆಲ್ ವಿರೋಧಿಸಿದರು. 1846ರಲ್ಲಿ, ಎಂಥ ಪರಿಸ್ಥಿತಿಯಲ್ಲೂ ಆಯುಧ ಹಿಡಿಯುವುದಿಲ್ಲ ಎಂದು ಎಲ್ಲರೂ ಒಪ್ಪಬೇಕು ಎಂಬ ನಿರ್ಣಯದ ಮೇಲೆ ಸಂಘ ಒಡೆಯಿತು.

ಅಷ್ಟರಲ್ಲಿ ದೇಶದ ಹೊಟ್ಟೆಗೇ ಏಟು ಬಿದ್ದಿತ್ತು. ಬಡವರ ಮುಖ್ಯ ಆಹಾರವಾದ ಆಲೂಗಡ್ಡೆ ಬೆಳೆಗೆ 1845ರಲ್ಲಿ ಅಂಗಮಾರಿ ರೋಗ ಬಂತು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರು ಮೋಡ ಕವಿದರೆ ಹೆದರುವುದು ಇದೇ ರೋಗಕ್ಕೆ. 1847ರ ಫೆಬ್ರವರಿಯಲ್ಲಿ ಓಕಾನೆಲ್ ಪಾರ್ಲಿಮೆಂಟಿನಲ್ಲಿ ಕೊನೆಯ ಬಾರಿ ಎದ್ದು ನಿಂತರು. ಲಕ್ಷ ಜನರಿಗೆ ಕೇಳಿಸುತ್ತಿದ್ದ ದನಿ ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ. ನೆರವು ಕೊಡದಿದ್ದರೆ ಜನರಲ್ಲಿ ನಾಲ್ಕನೇ ಒಂದು ಭಾಗ ಸಾಯುತ್ತಾರೆ ಎಂದು ಬೇಡಿಕೊಂಡರು. ಆಮೇಲೆ ರೋಮ್ ಯಾತ್ರೆಗೆ ಹೊರಟವರು ದಾರಿಯಲ್ಲಿ, ಇಟಲಿಯ ಜಿನೋವಾದಲ್ಲಿ, 1847ರ ಮೇ 15ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಹೃದಯವನ್ನು ರೋಮ್‌ಗೆ, ದೇಹವನ್ನು ಐರ್ಲೆಂಡಿಗೆ ಕಳಿಸಿದರು. ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ 82 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಬಂತು.

ಇನ್ನು ವಾದಕ್ಕೆ ಬರೋಣ. ಯಂಗ್ ಐರ್ಲೆಂಡಿನ ಜಾನ್ ಮಿಚೆಲ್ ದೃಷ್ಟಿಯಲ್ಲಿ ಓಕಾನೆಲ್ ಜನರ ಕೆಚ್ಚನ್ನು ಮಾತಿನಲ್ಲೇ ಕರಗಿಸಿದವರು. ಕ್ಲೊಂಟಾರ್ಫ್‌ನಲ್ಲಿ ಹಿಂದೆ ಸರಿದದ್ದರಿಂದಲೇ ಚಳವಳಿ ಸತ್ತಿತು ಎಂಬುದು ಆ ಕಡೆಯವರ ವಾದ. 1916ರ ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್, ಐರಿಷ್ ರಾಷ್ಟ್ರೀಯತೆಯ ನಾಲ್ವರು ಗುರುಗಳನ್ನು ಹೆಸರಿಸಿದಾಗ ಟೋನ್, ಡೇವಿಸ್, ಲಾಲರ್, ಮಿಚೆಲ್ ಇದ್ದರು, ಓಕಾನೆಲ್ ಇರಲಿಲ್ಲ. ದೇಶ ಸ್ವತಂತ್ರವಾದ ಮೇಲೆ ಲೇಖಕ ಷಾನ್ ಓಫೆಲಾನ್ 1938ರಲ್ಲಿ ಓಕಾನೆಲ್ ಜೀವನಚರಿತ್ರೆ ಬರೆದು ಬೇರೆ ಮಾತು ಹೇಳಿದರು: ತುಳಿತಕ್ಕೆ ಸಿಕ್ಕಿದ್ದ ಜನರನ್ನು ಪ್ರಜಾಪ್ರಭುತ್ವಕ್ಕೆ ಸಿದ್ಧಮಾಡಿದವರು ಇವರೇ, ಇಂದಿನ ಐರ್ಲೆಂಡ್ ಶುರುವಾಗುವುದು ಇವರಿಂದಲೇ. ಇನ್ನು ಕೆಲವರು, ಪಾದ್ರಿಗಳನ್ನು ರಾಜಕೀಯಕ್ಕೆ ತಂದು ಉತ್ತರದ ಪ್ರೊಟೆಸ್ಟೆಂಟರಿಗೆ ಭಯ ಹುಟ್ಟಿಸಿದರು ಎನ್ನುತ್ತಾರೆ.

ಕ್ಲೊಂಟಾರ್ಫ್ ವಿಷಯದಲ್ಲಿ ನಾನು ಓಕಾನೆಲ್ ಪಕ್ಷ. ಅವತ್ತು ದಾರಿಯಲ್ಲಿದ್ದವರಲ್ಲಿ ಮಕ್ಕಳೂ ಮುದುಕರೂ ಇದ್ದರು. ಅವರ ಹೆಣದ ಮೇಲೆ ಸಿಗುವ ಹೆಸರು ನಾಯಕನಿಗೆ ಸಿಗುತ್ತದೆ, ಸತ್ತವರಿಗಲ್ಲ. ಮಿಚೆಲ್ ಬಗ್ಗೆ ಒಂದು ಮಾತನ್ನೂ ಸೇರಿಸಬೇಕು. ಅವರು ಮುಂದೆ ಅಮೆರಿಕಕ್ಕೆ ಹೋಗಿ ಗುಲಾಮಗಿರಿಯನ್ನು ಬೆಂಬಲಿಸಿದರು. ಸ್ವಾತಂತ್ರ್ಯದ ಮಾತಿನಲ್ಲಿ ಯಾರು ಗಟ್ಟಿ ಎಂದು ಅಳೆಯುವಾಗ ಇದನ್ನೂ ನೋಡಬೇಕು.

1829ರ ಮತದ ವಿಷಯದಲ್ಲಿ ನಾನು ಅವರ ಪಕ್ಷವಲ್ಲ. ಪಾರ್ಲಿಮೆಂಟಿನ ಕುರ್ಚಿ ಸಿಕ್ಕಿದ್ದು ವಕೀಲರಿಗೆ ಮತ್ತು ಜಮೀನಿದ್ದವರಿಗೆ, ಮತ ಹೋದದ್ದು ಪೆನ್ನಿ ಕೊಟ್ಟವರಿಗೆ. ಸರ್ಕಾರ ಈ ಬೆಲೆ ಕೇಳದೆ ಬಿಡುತ್ತಿರಲಿಲ್ಲ ಎಂದು ಅವರ ಪರವಾಗಿ ಹೇಳುವವರಿದ್ದಾರೆ. ಇರಬಹುದು. ಆದರೆ ಬೆಲೆ ಕಟ್ಟಿದವರು ಯಾರು ಎಂದು ಖಾತೆಯಲ್ಲಿ ಬರೆಯಲೇಬೇಕು.

ಕೊನೆಯದು ಭಾಷೆ. ಇಂಗ್ಲಿಷ್ ಹೆಚ್ಚು ಉಪಯೋಗದ ಭಾಷೆ, ಐರಿಷ್ ನಿಧಾನವಾಗಿ ಮರೆಯಾದರೂ ತಮಗೆ ದುಃಖವಿಲ್ಲ ಎಂಬುದು ಓಕಾನೆಲ್ ನಿಲುವು. ಅವರ ಚಳವಳಿಯ ಸಭೆ, ಲೆಕ್ಕ, ಪತ್ರ ಎಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆದವು. ಬರಗಾಲ ಐರಿಷ್ ಮಾತಾಡುವ ಬಡವರನ್ನೇ ಹೆಚ್ಚು ಕೊಂದಿತು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ, ಅಂದರೆ ನಾಲ್ಕರಲ್ಲಿ ಒಬ್ಬರೂ ಇಲ್ಲ. ಇದಕ್ಕೆ ಒಬ್ಬರೇ ಕಾರಣ ಎಂದು ಹೇಳಲಾಗದು. ಕೋರ್ಟು, ಸಂತೆ, ಸರ್ಕಾರಿ ಶಾಲೆ, ವಲಸೆ ಎಲ್ಲವೂ ಕಾರಣ. ಇಂಗ್ಲಿಷ್ ಬಾರದ ರೈತ ಕೋರ್ಟಿನಲ್ಲಿ ಮೂಕನಾಗಿ ನಿಂತದ್ದನ್ನು ಓಕಾನೆಲ್ ಕಣ್ಣಾರೆ ಕಂಡವರು. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ.

ಆದರೂ ಒಪ್ಪಲು ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಿ ಉರ್ದು. ಅಮ್ಮಿ ಬೈಯುವುದೂ ಉರ್ದುವಿನಲ್ಲಿ, ದಾದಿ ದುವಾ ಮಾಡುವುದೂ ಉರ್ದುವಿನಲ್ಲಿ. ಅಬ್ಬಾ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವುದು ಕನ್ನಡ. ನನ್ನ ಅಕೌಂಟೆನ್ಸಿ ಪುಸ್ತಕ ಇಂಗ್ಲಿಷಿನಲ್ಲಿದೆ, ಈ ಲೇಖನ ಕನ್ನಡದಲ್ಲಿದೆ. ಕನ್ನಡ ಕಲಿಯಲು ನಾನು ಉರ್ದುವನ್ನು ಬಾಗಿಲ ಹೊರಗೆ ಬಿಡಬೇಕಾಗಲಿಲ್ಲ. ನಮ್ಮ ತರಗತಿಯಲ್ಲಿ ಬ್ಯಾರಿ, ತುಳು, ಕೊಂಕಣಿ ಮನೆಮಾತಿನವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಇದಕ್ಕೆ ಸಾಕ್ಷಿ ಓಕಾನೆಲ್ ಅವರೇ. ಅವರಿಗೆ ಐರಿಷ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ಫ್ರೆಂಚ್ ಬರುತ್ತಿತ್ತು. ಒಂದು ಇನ್ನೊಂದನ್ನು ತಳ್ಳಿರಲಿಲ್ಲ. ತಮಗೆ ಸಾಧ್ಯವಾದದ್ದು ಗೇಣಿದಾರನ ಮಗನಿಗೂ ಸಾಧ್ಯ ಎಂದು ಅವರು ಯಾಕೆ ನಂಬಲಿಲ್ಲ ಎಂಬುದೇ ನನ್ನ ಪ್ರಶ್ನೆ. ಪೆನ್ನಿಯ ವಿಷಯದಲ್ಲಿ ಬಡವನ ಶಕ್ತಿಯನ್ನು ಎಲ್ಲರಿಗಿಂತ ಮೊದಲು ಕಂಡವರು, ಭಾಷೆಯ ವಿಷಯದಲ್ಲಿ ಅದನ್ನು ಕಾಣಲಿಲ್ಲ.

ಡಬ್ಲಿನ್ನಿನ ಗ್ಲಾಸ್ನೆವಿನ್‌ನಲ್ಲಿ ಓಕಾನೆಲ್ ಅವರ ಸಮಾಧಿ ಇದೆ. ಕ್ಯಾಥೊಲಿಕರನ್ನು ಗೌರವದಿಂದ ಮಣ್ಣು ಮಾಡಲೂ ಅಡ್ಡಿಯಾಗುತ್ತಿದ್ದ ಕಾಲದಲ್ಲಿ, ಎಲ್ಲ ಮತದವರಿಗೂ ಜಾಗ ಇರಲಿ ಎಂದು ಅವರ ಪ್ರಯತ್ನದಿಂದಲೇ 1832ರಲ್ಲಿ ಆ ಸ್ಮಶಾನ ತೆರೆಯಿತು. ಅವರ ಮೇಲೆ ಕಟ್ಟಿದ ಎತ್ತರದ ದುಂಡು ಗೋಪುರ ದೂರದಿಂದ ಕಾಣುತ್ತದೆ. ಊರಿನ ಮುಖ್ಯ ಬೀದಿಗೆ 1924ರಿಂದ ಅವರದೇ ಹೆಸರು. ಆ ಬೀದಿಯ ಫಲಕದಲ್ಲಿ ಹೆಸರು ಎರಡು ಭಾಷೆಗಳಲ್ಲಿದೆ, ಐರಿಷ್ ಮತ್ತು ಇಂಗ್ಲಿಷ್. ಮರೆಯಾದರೂ ಪರವಾಗಿಲ್ಲ ಎಂದು ಅವರು ಅಂದುಕೊಂಡಿದ್ದ ಭಾಷೆಯನ್ನು ಇಂದು ಆ ದೇಶದ ಮಕ್ಕಳು ಶಾಲೆಯಲ್ಲಿ ಕಷ್ಟಪಟ್ಟು ಕಲಿಯುತ್ತಿದ್ದಾರೆ.